ಜೇಜುರಿಗೆ ಹೊರಟವರು

ಶಿವಾಜಿನಗರ, ಪುಣೆ
೧೧ ಜನವರಿ ೧೯೯೮

ತ್ರಿವೇಣಿ ಅಕ್ಕನಿಗೆ,

ನೀನು ಮದುವೆಯಾಗಿ ತಳೇಗಾಂವಕ್ಕೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲನೆಯ ದೊಡ್ಡ ಪತ್ರ ಇದು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತದ್ದು ಇನ್ನೂ ಕೈಯಲ್ಲಿದೆಯೋ ಇಲ್ಲವೋ ಎಂದು ಹೆದರಿಕೆ. ತಪ್ಪಿದ್ದರೆ ನಗಬೇಡ.

ಹೋಟೆಲಿನ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ಲೀಲಾಕ್ಷಿಯಮ್ಮ ಮಧ್ಯಾಹ್ನ ಸ್ವಲ್ಪ ಹೊತ್ತು ಬಿಡುವು ಕೊಡುತ್ತಾರೆ. ನೀನು ಬೇಳೆ ಹಸನು ಮಾಡುತ್ತಿದ್ದ ಮೊರ ಈಗ ನನ್ನ ಕೈಗೆ ಬಂದಿದೆ. ಅದರ ಅಂಚು ಬಿಚ್ಚಿಕೊಂಡಿದೆ, ನೀನೇ ಹೊಲಿದ ದಾರ ಕಾಣುತ್ತದೆ.

ಒಂದು ದೊಡ್ಡ ಸುದ್ದಿ ಇದೆ. ನಗರಪಾಲಿಕೆಯಿಂದ ಮೋಘೆ ಬಾಯಿ ಎಂಬವರು ನಾವೆಲ್ಲ ಮಲಗುವ ರಸ್ತೆಬದಿಯ ಗೋಡೆಯ ಹತ್ತಿರ ಬಂದಿದ್ದರು. ಮನೆಯಿಲ್ಲದವರಿಗೆ ಒಂದು ಆಸರೆಮನೆ ಕಟ್ಟಲು ರಾಜ್ಯ ಸರ್ಕಾರದಿಂದ ಅನುದಾನ ಕೇಳಿದ್ದಾರಂತೆ. ತಗಡಿನ ಶೆಡ್ಡು ಅಲ್ಲ, ಗಟ್ಟಿ ಕಟ್ಟಡ. ನಲ್ಲಿ, ಪಾಯಖಾನೆ, ಹೆಂಗಸರಿಗೆ ಬೇರೆ ಕೋಣೆ, ಸಾಮಾನು ಇಡಲು ಬೀಗದ ಪೆಟ್ಟಿಗೆ. ಮುಂಬೈಯಿಂದ ಸಾಹೇಬರು ಬಂದು ನೋಡುತ್ತಾರೆ. ಇಲ್ಲಿ ಇರುವವರು ನಿಜವಾಗಿಯೂ ಮನೆಯಿಲ್ಲದವರು ಎಂದು ಅವರಿಗೆ ಒಪ್ಪಿಗೆಯಾದರೆ ಮಾತ್ರ ಹಣ ಬರುತ್ತದೆ. ಅದಕ್ಕೆ ನಾವು ನಮ್ಮ ಬಾಯಿಂದಲೇ ಹೇಳಬೇಕು.

ಮೋಘೆ ಬಾಯಿ ಇನ್ನೊಂದು ಮಾತು ಹೇಳಿದರು. ಜೀಪಿನ ಸದ್ದು ಕೇಳಿದ ಕೂಡಲೇ ಹಣೆಗೆ ಭಂಡಾರ ಹಚ್ಚಿಕೊಳ್ಳಬೇಡಿ ಎಂದರು. ಎಲ್ಲರೂ ನೆಲ ನೋಡಿದೆವು. ಯಾವ ಜೀಪು ಬಂದರೂ ಖಂಡೋಬನ ಅರಿಶಿನ ಹಚ್ಚಿಕೊಂಡು ‘ಜೇಜುರಿಗೆ ಹೊಂಟೇವ್ರಿ’ ಅನ್ನುವುದು, ಯಾತ್ರೆಯವರೆಂದು ಪೊಲೀಸರು ನಮ್ಮನ್ನು ಎಬ್ಬಿಸದೆ ಹೋಗುವುದು, ಇದೆಲ್ಲ ಬಾಯಿಗೂ ಗೊತ್ತಿದೆ.

ಕಾಡಪ್ಪ ಕಾಕಾ, "ಹಂಗಾರ ಈ ಸಲ ಹಣಿ ಖಾಲಿ ಇಡ್ರಿ. ಇಷ್ಟು ವರ್ಷ ಹೊಂಟೇವಿ, ಹೊಂಟೇವಿ ಅಂದು ಒಬ್ಬರೂ ಮುಟ್ಟಲಿಲ್ಲ. ಖಂಡೋಬಗ ನಮ್ಮ ಮಾರಿ ಗುರ್ತು ಸೈತ ಇರಾಕಿಲ್ಲ" ಅಂದ. ಹುಲಿಗೆವ್ವ ನಕ್ಕು ನಕ್ಕು ಕೆಮ್ಮಿದಳು.

ನನಗೆ ಮಾತಾಡಲು ಬರುವುದಿಲ್ಲ, ನಿನಗೆ ಗೊತ್ತು. ನಾಲ್ಕು ಜನರ ಎದುರು ನಿಂತರೆ ಹೇಳಬೇಕಾದದ್ದೆಲ್ಲ ಮರೆತುಹೋಗುತ್ತದೆ. ಆದ್ದರಿಂದ ಸಾಹೇಬರಿಗೆ ಉತ್ತರ ಕೊಡುವವಳು ಅವ್ವ. ಗೋಡೆಯವರಲ್ಲಿ ಹಿರಿಯಳು ಅವಳೇ, ಅವಳ ಮಾತನ್ನು ಯಾರೂ ಮೀರುವುದಿಲ್ಲ. ಮರಾಠಿ ಪೇಪರಿನವರೂ ಬಂದು ಫೋಟೋ ತೆಗೆಯುತ್ತಾರಂತೆ. ಮೋಘೆ ಬಾಯಿ ಅವ್ವನನ್ನು ನಡುವೆ ನಿಲ್ಲಿಸಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸುತ್ತಾರೆ.

ಈ ಮಳೆಗಾಲದಲ್ಲಿ ಅವ್ವ ಒಣ ನೆಲದ ಮೇಲೆ ಮಲಗಬಹುದು ಅಕ್ಕ. ಅದೊಂದೇ ನನಗೆ ಬೇಕಾದದ್ದು.

ನಿನ್ನ ತಂಗಿ,
ರೇಣು


ತಳೇಗಾಂವ ದಾಭಾಡೆ
೨೫ ಜನವರಿ ೧೯೯೮

ಪ್ರೀತಿಯ ರೇಣು,

ನಿನ್ನ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಈ ಮನೆಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ. ಅದಕ್ಕೇ ಪತ್ರವನ್ನು ಅಕ್ಕಿ ಡಬ್ಬಿಯ ಮೇಲೆ ಬಿಚ್ಚಿಟ್ಟುಕೊಂಡೇ ಓದಿದೆ. ಅತ್ತೆ, "ತಂಗಿ ಏನು ಬರೆದಿದ್ದಾಳೆ?" ಎಂದು ಕೇಳಿದರು. "ಎಲ್ಲ ಆರಾಮ" ಅಂದೆ.

ನಿನಗೆ ಮೊದಲು ಸಂತೋಷದ ಸುದ್ದಿ ಹೇಳಬೇಕು. ನನಗೆ ದಿನ ತಪ್ಪಿ ಮೂರನೆಯ ತಿಂಗಳು. ಅವ್ವನಿಗೆ ಹೇಳು.

ಈಗ ನಾನು ಬರೆಯುವುದನ್ನು ಓದಿ ಸಿಟ್ಟಾಗಬೇಡ. ನಮ್ಮ ಮಾವನವರು ಆ ಪೇಪರನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಾರೆ. ಯಾರಾದರೂ ತೀರಿಕೊಂಡವರ ಫೋಟೋ ಬಂದರೂ ನಮಗೆಲ್ಲ ತೋರಿಸುತ್ತಾರೆ. ನಿನ್ನನ್ನು ಅವರು ಮದುವೆಯಲ್ಲಿ ನೋಡಿದ್ದಾರೆ. ಲೀಲಾಕ್ಷಿಯಮ್ಮ ತಮ್ಮ ಮನೆಯ ಹುಡುಗಿ ಎಂದು ನನ್ನನ್ನು ಧಾರೆಯೆರೆದು ಕೊಟ್ಟರು, ನನ್ನ ಅವ್ವ ಇಂಡಿ ಹತ್ತಿರದ ಊರಿನಲ್ಲಿದ್ದಾಳೆ, ಮಂಡಿ ನೋವಿನಿಂದ ಬರಲಾಗಲಿಲ್ಲ ಎಂದರು. ನನ್ನ ಕೈ ಹಿಡಿದ ಸ್ವಪ್ನಿಲ್ ಕೂಡ ಅದನ್ನೇ ನಂಬಿದ್ದಾರೆ. ಆ ದಿನ ಅವ್ವ ಅಡಿಗೆಯವರ ಜೊತೆ ಕೂತು ಪೂರಿ ಲಟ್ಟಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಎಂದು ಅತ್ತೆ ಈಗಲೇ ಕೇಳತೊಡಗಿದ್ದಾರೆ. "ನಿಮ್ಮ ಆಯಿ ಯಾವಾಗ ಕರೆಯಲು ಬರುತ್ತಾರೆ? ಮನೆ ದೊಡ್ಡದೇ?" ನಾನು ಹೂಂ ಎಂದೆ. ಇಂಥ ಹೊತ್ತಿನಲ್ಲಿ ಅವ್ವನ ಫೋಟೋ, ಕೆಳಗೆ ‘ಮನೆಯಿಲ್ಲದವರು’ ಎಂದು, ಪಕ್ಕದಲ್ಲಿ ನೀನು.

ಆಸರೆಮನೆ ಬರಲಿ ರೇಣು. ನನಗೂ ಬೇಕು. ಆದರೆ ಅವ್ವನ ಬದಲು ಹುಲಿಗೆವ್ವ ನಿಲ್ಲಬಾರದೇ? ಅವಳಿಗೆ ಹೆಣ್ಣುಮಕ್ಕಳಿಲ್ಲ. ಈ ಮಾತನ್ನು ಅವ್ವನಿಗೆ ಓದಿ ಹೇಳಬೇಡ. ನೀನೇ ಏನಾದರೂ ಮಾಡು.

ನಿನ್ನ
ತ್ರಿವೇಣಿ


ಶಿವಾಜಿನಗರ
೩ ಫೆಬ್ರವರಿ ೧೯೯೮

ಅಕ್ಕನಿಗೆ,

ಓದಿ ಹೇಳಿದೆ. ಎಲ್ಲವನ್ನೂ ಓದಿದೆ. ‘ಹೆಣ್ಣುಮಕ್ಕಳಿಲ್ಲ’ ಅನ್ನುವವರೆಗೂ ನಿಲ್ಲಿಸಲಿಲ್ಲ. ನನಗೆ ಸಿಟ್ಟು ಬಂದಿತ್ತು.

ಅವ್ವ ಮೂರನೆಯ ತಿಂಗಳು ಎಂಬಲ್ಲಿ ಮತ್ತೊಮ್ಮೆ ಓದು ಎಂದಳು. ಆಮೇಲೆ, "ಹುಳಿ ಏನರೆ ತಿನ್ನಬೇಕನಸತದೋ ಏನೋ ಆಕಿಗೆ" ಅಂದಳು.

ಸಾಹೇಬರು ಈ ತಿಂಗಳು ಬರುತ್ತಾರೆ. ಅವ್ವನೇ ಮಾತಾಡುತ್ತಾಳೆ.

ರೇಣು


ಶಿವಾಜಿನಗರ
೨೨ ಫೆಬ್ರವರಿ ೧೯೯೮

ಅಕ್ಕ,

ಸಾಹೇಬರು ಬಂದು ಹೋದರು. ನಿನಗೆ ಭಯವಿತ್ತಲ್ಲ, ಇನ್ನು ಬಿಡು.

ಬೆಳಿಗ್ಗೆಯಿಂದಲೇ ಗೋಡೆಯ ಉದ್ದಕ್ಕೂ ಕಸ ಗುಡಿಸಿದ್ದೆವು. ಮೋಘೆ ಬಾಯಿ ಇಸ್ತ್ರಿ ಸೀರೆ ಉಟ್ಟು ಬಂದಿದ್ದರು. ಕಾಡಪ್ಪ ಕಾಕಾ ಗಡ್ಡ ತೆಗೆಸಿಕೊಂಡಿದ್ದ. ಹುಲಿಗೆವ್ವ ಅವನನ್ನು ನೋಡಿ, "ಇವನ್ಯಾರ ಮದಲಿಂಗ? ಇವಗ ಮನಿ ಅಲ್ಲ, ಹೆಣ್ಣು ಕೊಡ್ತಾರ ಸಾಹೇಬ್ರು" ಅಂದಳು. ಎಲ್ಲರಿಗೂ ನಗು. ಅವ್ವ ಮಾತ್ರ ಗಂಟಿನ ಹತ್ತಿರ ಕೂತು ಏನೋ ಹುಡುಕುತ್ತಿದ್ದಳು.

ಜೀಪು ನಿಂತಿತು. ಫೋಟೋದವನೂ ಇಳಿದ. ಅವ್ವ ಎದ್ದು ಈ ಕಡೆ ತಿರುಗಿದಳು. ಹಣೆಯ ತುಂಬ ಭಂಡಾರ.

ಸಾಹೇಬರು ಒಳ್ಳೆಯವರು. ಕೆಳಗೆ ಬಗ್ಗಿ ಮರ್ಯಾದೆಯಿಂದ, "ಆಜಿ, ತುಮಚಂ ಘರ ಕುಠೆ?" ಎಂದು ಮನೆ ಎಲ್ಲಿ ಅಂತ ಕೇಳಿದರು. ಅವ್ವ ತನ್ನ ಮುರುಕು ಮರಾಠಿಯಲ್ಲಿ, ಇಂಡಿ ಹತ್ತಿರ ನಮ್ಮ ಊರು, ಐದಂಕಣದ ಮನೆ ಇದೆ, ಜೇಜುರಿಗೆ ಹೊರಟಿದ್ದೇವೆ, ದಾರಿಯಲ್ಲಿ ಇಳಿದಿದ್ದೇವೆ ಎಂದಳು. ತೊಲೆಬಾಗಿಲು, ಅದರ ಮೇಲೆ ಕೆತ್ತಿದ ಗಿಳಿ, ಹಿತ್ತಲಿನ ನುಗ್ಗೆ ಗಿಡ, ಎಲ್ಲವನ್ನೂ ಹೇಳಿದಳು. ಆ ಮನೆ ಬಿದ್ದು ಹೋಗಿ, ಆ ಜಾಗದಲ್ಲಿ ಊರಲ್ಲಿರುವ ನಮ್ಮ ಸ್ವಂತ ಕಾಕಾ ಎಮ್ಮೆ ಕಟ್ಟುತ್ತಾನೆ ಎಂದು ನನಗೆ ಗೊತ್ತಿದ್ದರೂ ಒಂದು ಗಳಿಗೆ ಅಲ್ಲಿಗೆ ಹೋಗಬೇಕೆನ್ನಿಸಿತು.

ಮೋಘೆ ಬಾಯಿ ನನ್ನ ಕಡೆ ನೋಡಿದರು. ನಾನು ಹೇಳಬೇಕಾಗಿತ್ತು. ಅವ್ವನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದೆ, ಸದ್ದು ಬರಲಿಲ್ಲ.

ಅವ್ವ ಹಾಗೆ ಹೇಳಿದ ಮೇಲೆ ಉಳಿದವರೇನು ಹೇಳಬೇಕು? ಹಿರಿಯಳನ್ನು ಪರರ ಎದುರು ಸುಳ್ಳಿ ಅನ್ನಿಸಲು ಯಾರಿಗೂ ಮನಸ್ಸಾಗಲಿಲ್ಲ. ಹುಲಿಗೆವ್ವ ತನ್ನ ಭಂಡಾರದ ಚೀಲ ತೆಗೆದಳು. ಕಾಡಪ್ಪ ಕಾಕಾ ತನ್ನದೂ ಮನೆ ಇದೆ, ಎರಡು ಅಂತಸ್ತು ಎಂದ. ಸಾಹೇಬರು ಎಲ್ಲರಿಗೂ ಕೈಮುಗಿದು, ಇವರು ಯಾತ್ರೆಯವರು ಎಂದು ಬರೆಸಿಕೊಂಡು ಹೋದರು. ಫೋಟೋದವನು ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ.

ಮೋಘೆ ಬಾಯಿ ಬೈಯಲಿಲ್ಲ. ಜೀಪು ಹೋದ ದಾರಿಯನ್ನೇ ನೋಡುತ್ತ ನಿಂತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಅವ್ವನನ್ನು ಕೇಳಿದೆ. "ಹಿಂಗ್ಯಾಕ ಮಾಡಿದಿ? ಫೋಟೋ ಬ್ಯಾಡ ಅಂದಿದ್ರ ಬಾಯಿ ಬಿಡತಿದ್ರಲ್ಲ?"

"ಫೋಟೋಕ್ಕಲ್ಲವಾ" ಅಂದಳು. "ಬಸರಿ ಮಗಳಿಗೆ ತವರುಮನಿ ಇಲ್ಲಂತ ನಾ ನನ್ನ ಬಾಯಿಲೆ ಹ್ಯಾಂಗ ಹೇಳ್ಲಿ?"

ನಾನು ಆ ಪತ್ರ ಓದಿ ಹೇಳಬಾರದಾಗಿತ್ತು. ನೀನು ಅದನ್ನು ಬರೆಯಬಾರದಾಗಿತ್ತು. ಇಬ್ಬರಲ್ಲಿ ಯಾರದು ಹೆಚ್ಚು ಎಂದು ದಿನವೂ ತೂಗುತ್ತಿದ್ದೇನೆ.

ರೇಣು


ತಳೇಗಾಂವ
೭ ಜೂನ್ ೧೯೯೮

ರೇಣು,

ಮೂರು ಸಲ ಬರೆದು ಹರಿದು ಹಾಕಿದೆ. ಅದಕ್ಕೆ ಇಷ್ಟು ತಡ.

ಕಳೆದ ವಾರ ನನಗೆ ಕುಬಸ ಮಾಡಿದರು. ತವರಿನಿಂದ ಬರಬೇಕಾದ ಹಸಿರು ಸೀರೆಯನ್ನೂ ಬಳೆಯನ್ನೂ ಅತ್ತೆಯೇ ತಂದರು. ನೆರೆಯವರ ಮುಂದೆ, "ಇವಳ ಆಯಿಯ ಕೆಲಸವನ್ನೂ ನಾನೇ ಮಾಡುತ್ತೇನೆ, ಏನು ಮಾಡುವುದು, ದೂರದ ಊರು" ಎಂದರು. ಬಳೆಗಾರತಿ ಕೈ ಹಿಡಿದು ಒತ್ತುವಾಗ ಕಣ್ಣಲ್ಲಿ ನೀರು ಬಂತು. ನೋಯುತ್ತದೆಯೇ ಎಂದು ಎಲ್ಲರೂ ಕೇಳಿದರು. ಹೌದು ಎಂದೆ.

ಹೆರಿಗೆ ಇಲ್ಲೇ. ಅವ್ವನಿಗೆ ಮಂಡಿ ನೋವು ಜಾಸ್ತಿ ಎಂದು ಹೇಳಿದ್ದೇನೆ.

ಇವತ್ತು ಮೋಡ ಕಟ್ಟಿದೆ. ಈ ಮನೆಯಲ್ಲಿ ಮಳೆ ಬಂದರೆ ಕಿಟಕಿ ಮುಚ್ಚುತ್ತಾರೆ, ಅಷ್ಟೇ ಕೆಲಸ. ನಾನು ಮಾತ್ರ ಹಾಸಿಗೆ ಸುತ್ತಲು ಏಳುತ್ತೇನೆ. ಎದ್ದ ಮೇಲೆ ನೆನಪಾಗುತ್ತದೆ.

ಅವ್ವ ಎಲ್ಲಿ ಮಲಗುತ್ತಾಳೆ, ಬರೆ. ಅನುದಾನದ್ದು ಏನಾಯಿತು ಎಂದೂ ಬರೆ.

ತ್ರಿವೇಣಿ


ಶಿವಾಜಿನಗರ
೨೦ ಆಗಸ್ಟ್ ೧೯೯೮

ಅಕ್ಕನಿಗೆ,

ಹೆಣ್ಣು ಕೂಸು ಎಂದು ನೀನು ಹೋಟೆಲಿಗೆ ಫೋನ್ ಮಾಡಿದಾಗ ನಾನು ಬಚ್ಚಲಿನಲ್ಲಿದ್ದೆ. ನಮ್ಮ ಯಜಮಾನರು ಸದಾನಂದಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲಿಂದಲೇ ಕೂಗಿ ಹೇಳಿದರು. ಗಿರಾಕಿಗಳಿಗೆಲ್ಲ ಒಂದೊಂದು ಮೈಸೂರುಪಾಕು ಕೊಟ್ಟರು. ಲೀಲಾಕ್ಷಿಯಮ್ಮ, "ನೋಡಿ, ಹೆತ್ತದ್ದು ಇವರೇ ಅಂತ ಅಂದುಕೊಳ್ಬೇಕು ಜನ" ಎಂದರು.

ಅವ್ವ ಅಂದು ಸಂಜೆ ಗೋಡೆಯವರಿಗೆಲ್ಲ ಸಕ್ಕರೆ ಹಂಚಿದಳು. ಆಮೇಲೆ ಹಳೆಯ ಸೀರೆಗಳನ್ನು ಹರಿದು ಒಂದು ಸಣ್ಣ ಕೌದಿ ಹೊಲಿಯಲು ಕೂತಿದ್ದಾಳೆ. ಮಳೆಯಲ್ಲಿ ಅದು ಒಣಗುವುದೇ ಇಲ್ಲ. ಹೋಟೆಲಿನ ಒಲೆಯ ಹತ್ತಿರ ಹಿಡಿದು ಒಣಗಿಸಿ ತರುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ. ಅನುದಾನ ಈ ವರ್ಷ ಬೇರೆ ಊರಿಗೆ ಹೋಯಿತು. ಅಲ್ಲಿಯವರು ಮನೆ ಇಲ್ಲ ಎಂದು ಹೇಳಿರಬೇಕು. ಮೋಘೆ ಬಾಯಿ ಮತ್ತೆ ಅರ್ಜಿ ಹಾಕುತ್ತಾರಂತೆ. ಅವ್ವ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಲಗುತ್ತಾಳೆ. ಗಾಳಿ ಈ ಕಡೆ ಬೀಸಿದರೆ ಆ ಕಡೆ ಸರಿಯುತ್ತಾಳೆ. ಕೆಮ್ಮು ಇದೆ. ನಮ್ಮ ಹುಲಿಗೆವ್ವ ಜ್ವರ ಬಂದು ಸರ್ಕಾರಿ ದವಾಖಾನೆಗೆ ಹೋದವಳು ತಿರುಗಿ ಬರಲಿಲ್ಲ. ಅವ್ವ ಅವಳ ಭಂಡಾರದ ಚೀಲವನ್ನು ತನ್ನ ಗಂಟಿನಲ್ಲಿ ಇಟ್ಟುಕೊಂಡಿದ್ದಾಳೆ. "ನಾ ಹಚ್ಚಿಕೊಂಡೆ ಅಂತ ಆಕಿನೂ ಹಚ್ಚಿಕೊಂಡ್ಳು" ಅನ್ನುತ್ತಾಳೆ. ಒಮ್ಮೆ ಜೇಜುರಿಗೆ ಖರೆಯಾಗಿಯೂ ಹೋಗಿ ಬರಬೇಕಂತೆ. ದೇವರ ಹೆಸರಿನಲ್ಲಿ ಆಡಿದ ಮಾತನ್ನು ನಿಜ ಮಾಡಬೇಕಂತೆ. ಚಂಪಾಷಷ್ಠಿಗೆ ಕರೆದುಕೊಂಡು ಹೋಗುತ್ತೇನೆ.

ಕೂಸಿನ ಬಣ್ಣ ಯಾರದು? ಅವ್ವ ಕೇಳುತ್ತಾಳೆ.

ರೇಣು


ತಳೇಗಾಂವ
೩೦ ನವೆಂಬರ್ ೧೯೯೮

ರೇಣು,

ಜೇಜುರಿಯಿಂದ ಬಂದ ಮೇಲೆ ಅವ್ವ ನಿನಗೆ ಏನಾದರೂ ಹೇಳಿದಳೇ? ಹೇಳಿರಲಾರಳು. ಅದಕ್ಕೇ ಬರೆಯುತ್ತಿದ್ದೇನೆ.

ಷಷ್ಠಿಯ ದಿನ ನಾವೂ ಅಲ್ಲಿಗೆ ಹೋಗಿದ್ದೆವು. ಕೂಸಿಗೆ ಭಂಡಾರ ಹಚ್ಚಿಸಬೇಕು ಎಂದು ಅತ್ತೆ ಹರಕೆ ಹೊತ್ತಿದ್ದರು. ಸ್ವಪ್ನಿಲ್ ಮತ್ತು ಮಾವನವರು ತೆಂಗಿನಕಾಯಿ ತರಲು ಹೋದರು. ಮೆಟ್ಟಿಲು ಹತ್ತಿ ಅತ್ತೆಗೆ ದಣಿವಾಯಿತು. ದೀಪಮಾಲೆಯ ಕಂಬದ ಕೆಳಗೆ ಕೂತೆವು. ಅಲ್ಲಿ ಒಬ್ಬ ಮುದುಕಿ ಕೂತಿದ್ದಳು. ಮೈಯೆಲ್ಲ ಅರಿಶಿನ. ನನಗೆ ಅವಳ ಕಾಲ ಬೆರಳಿನಿಂದ ಗುರುತು ಸಿಕ್ಕಿತು.

ನೀನು ಅಲ್ಲಿರಲಿಲ್ಲ, ನೀರು ತರಲು ಹೋಗಿದ್ದೆಯೋ ಏನೋ.

ಅವ್ವ ನನ್ನನ್ನು ನೋಡಿದಳು. ಕೂಸನ್ನು ನೋಡಿದಳು. ಆಮೇಲೆ ಎದುರಿನ ಗುಡ್ಡ ನೋಡುತ್ತ ಕೂತಳು. ಅತ್ತೆಗೆ ಮಾತಾಡದೆ ಇರಲಾಗುವುದಿಲ್ಲ. ಅವರಿಬ್ಬರೂ ಮರಾಠಿಯಲ್ಲಿ ಆಡಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಎಲ್ಲಿಂದ ಬಂದ್ರಿ ಆಜಿ?"

"ಇಂಡಿ ಕಡೀಂದ್ರಿ."

"ಹೌದೇನು? ನಮ್ಮ ಸೊಸಿನೂ ಆ ಕಡೆಯಾಕಿನ."

"ಚಲೋ ಮಂದಿರಿ ಆ ಕಡೆಯವರು. ಮಾತು ಕಡಿಮಿ."

"ಇವಳ ಅವ್ವ ಅಂತೂ ಭಾಳ ಕಡಿಮಿ. ಮೊಮ್ಮಗಳ ಮಾರಿ ನೋಡಾಕೂ ಬಂದಿಲ್ಲ ಆಕಿ."

ಅವ್ವ, "ಬರ್ತಾಳ್ರಿ. ಏನರೆ ಅಡಚಣಿ ಇರತದ. ನಿಮ್ಮಂಥಾ ಬೀಗತಿ ಇದ್ದಾರಂತ ಧೈರ್ಯಲೇ ಕೂತಿರತಾಳ" ಅಂದಳು.

ಅತ್ತೆಗೆ ಹಿಗ್ಗಾಯಿತು. ಹಿರಿಯ ಜೀವ, ನೀವೇ ಭಂಡಾರ ಹಚ್ಚಿರಿ ಎಂದು ಕೂಸನ್ನು ಅವಳ ತೊಡೆಯ ಮೇಲೆ ಇಟ್ಟರು. ಅವ್ವ ಹಚ್ಚಿದಳು. ಹಣೆಗೆ, ಎರಡೂ ಪಾದಗಳಿಗೆ. ತನ್ನ ಗಂಟಿನಿಂದ ಆ ಕೌದಿಯನ್ನು ತೆಗೆದು ಕೂಸಿಗೆ ಹೊದಿಸಿದಳು. ಅತ್ತೆ ಬೇಡ ಬೇಡ ಎಂದರು. "ಮೊಮ್ಮಗಳಿಗಂತ ಹೊಲದಿದ್ದೆ. ಆಕಿ ದೂರ ಅದಾಳ. ಈ ಕೂಸಿಗೆ ಆದ್ರೇನು, ಆ ಕೂಸಿಗೆ ಆದ್ರೇನು" ಅಂದಳು.

ನಾನು ಅಲ್ಲೇ ಕೂತಿದ್ದೆ ರೇಣು. ನಾನು ಒಂದು ಮಾತು, ‘ಅವ್ವ’ ಎಂಬ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಸ್ವಪ್ನಿಲ್ ಕಾಯಿ ಹಿಡಿದು ಬಂದರು, ಎಲ್ಲರೂ ಎದ್ದರು, ನಾನೂ ಎದ್ದೆ.

ಕೌದಿಯನ್ನು ಅತ್ತೆ ದಿನವೂ ಹೊದಿಸುತ್ತಾರೆ. ಎಷ್ಟು ಮೆತ್ತಗಿದೆ ಎನ್ನುತ್ತಾರೆ. ಅದರಲ್ಲಿ ನನ್ನ ಶಾಲೆಯ ಲಂಗದ ತುಂಡೂ ಇದೆ.

ತ್ರಿವೇಣಿ


ಶಿವಾಜಿನಗರ
೮ ಜನವರಿ ೧೯೯೯

ಅಕ್ಕನಿಗೆ,

ನಾನು ನೀರು ತೆಗೆದುಕೊಂಡು ಬಂದಾಗ ಅವ್ವನ ಗಂಟು ಬಿಚ್ಚಿತ್ತು. ಕೌದಿ ಎಲ್ಲಿ ಎಂದರೆ ದೇವರಿಗೆ ಕೊಟ್ಟೆ ಎಂದಳು. ಅಂಗೈಯ ಅರಿಶಿನವನ್ನು ಬಹಳ ದಿನ ತೊಳೆಯಲಿಲ್ಲ. ನನಗೇನು ಗೊತ್ತು.

ನಿನ್ನ ಪತ್ರವನ್ನು ಓದಿ ಹೇಳಿದೆ. ಈ ಸಲ ಸಿಟ್ಟಿನಿಂದಲ್ಲ. ಅವ್ವ, "ಇದನ್ನೆಲ್ಲಾ ಯಾಕ ಬರದ್ಳು ಹುಚ್ಚಿ. ಕೂಸು ಭಾರ ಅದ, ಹಾಲು ಚಲೋ ಅದಾವ ಅಂತ ತಿಳೀತು, ಅಷ್ಟ ಸಾಕು" ಅಂದಳು.

ಮೋಘೆ ಬಾಯಿಯ ಅರ್ಜಿ ಮತ್ತೆ ಮೇಲಕ್ಕೆ ಹೋಗಿದೆ. ಮುಂದಿನ ತಿಂಗಳು ಸಾಹೇಬರು ಬರುತ್ತಾರೆ. ಈ ಸಲವೂ ತಪ್ಪಿದರೆ ಮತ್ತೆ ಕೇಳಲು ಮೇಲಿನವರು ಬಿಡುವುದಿಲ್ಲ ಎಂದು ಬಾಯಿ ಹೇಳಿದರು. ಗೋಡೆಯ ಬದಿ ರಸ್ತೆ ಅಗಲವಾಗುತ್ತದಂತೆ. ಆಮೇಲೆ ಈ ಜಾಗವೂ ಇಲ್ಲ.

ಅವ್ವ ಒಂದು ಮಾತು ಬರೆಯಲು ಹೇಳಿದ್ದಾಳೆ. ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ. "ಸಾಹೇಬ್ರು ಕೇಳಿದ್ರ ಏನ ಹೇಳ್ಲಿ, ತ್ರಿವೇಣಿನ್ನ ಕೇಳಿ ಬರಿ."

ರೇಣು


ತಳೇಗಾಂವ
೧೯ ಜನವರಿ ೧೯೯೯

ರೇಣು,

ಮನೆ ಇಲ್ಲ ಎಂದು ಹೇಳಲಿ. ಫೋಟೋ ತೆಗೆದರೆ ತೆಗೆಯಲಿ.

ಸ್ವಪ್ನಿಲ್‌ಗೆ ಎಲ್ಲ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ನಿನ್ನೆ, "ಪೂರಿ ಲಟ್ಟಿಸುತ್ತಿದ್ದವರೇ?" ಎಂದು ಕೇಳಿದರು. ಅವರಿಗೆ ನೆನಪಿದೆ. ಅತ್ತೆಗೆ ಇನ್ನೂ ಹೇಳಿಲ್ಲ. ಹೇಳುವ ಧೈರ್ಯ ನನಗೆ ಬಂದಿಲ್ಲ.

ಅವ್ವ ಹೇಳಲಿ. ನನಗಾಗಿ ಮುಚ್ಚಿಡುವುದು ಬೇಡ.

ತ್ರಿವೇಣಿ


ಶಿವಾಜಿನಗರ
೨೧ ಫೆಬ್ರವರಿ ೧೯೯೯

ಅಕ್ಕ,

ನಿನ್ನ ಪತ್ರ ಸಾಹೇಬರಿಗಿಂತ ಬಹಳ ಮೊದಲೇ ಬಂತು. ಅವ್ವ ಎಷ್ಟೋ ಸಲ ಓದಿಸಿಕೊಂಡಳು. ಹೂಂ, ಹೇಳತೇನಿ ಎಂದಳು. ಆ ದಿನ ಹಣೆ ತೊಳೆದುಕೊಂಡು ಮುಂದೆ ಕೂತಳು. ಅದೇ ಸಾಹೇಬರು, ಅದೇ ಪ್ರಶ್ನೆ. ಆಜಿ, ನಿಮ್ಮ ಮನೆ ಎಲ್ಲಿ?

ಅವ್ವನ ತುಟಿ ಅಲ್ಲಾಡಿತು. ಸಾಹೇಬರು ಕಾಯ್ದರು. ಮೋಘೆ ಬಾಯಿ ಕಾಯ್ದರು. ಅವ್ವ ನನ್ನ ಕಡೆ ತಿರುಗಿ, ಮೆಲ್ಲಗೆ, "ಆಕಿ ಹೇಳಂದಾಳ ಖರೆ. ಆದ್ರ ನಾ ಹೇಳಿದ್ರ ಅದು ಖರೇನ ಆಗತದಲ್ಲವಾ" ಅಂದಳು. ಸಾಹೇಬರಿಗೆ ಕನ್ನಡ ತಿಳಿಯಲಿಲ್ಲ. ಅವರು ಪಕ್ಕದವರ ಕಡೆ ತಿರುಗತೊಡಗಿದರು.

ಆಗ ನಾನು ಹೇಳಿದೆ. ಮರಾಠಿಯಲ್ಲೇ ಹೇಳಿದೆ. ನಮಗೆ ಮನೆ ಇಲ್ಲ ಸಾಹೇಬ್, ಇವಳು ನನ್ನ ಅವ್ವ, ನಾನು ಬುದ್ಧಿ ಬಂದಾಗಿನಿಂದ ಈ ಗೋಡೆಯ ಹತ್ತಿರ ಮಲಗುತ್ತೇನೆ, ಊರಲ್ಲಿದ್ದ ಮನೆ ಬಿದ್ದು ಹೋಗಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಕಾಡಪ್ಪ ಕಾಕಾ, "ನಂದೂ ಇಲ್ರಿ. ಹ್ವಾದ ವರ್ಷ ಎರಡು ಅಂತಸ್ತು ಇತ್ತು" ಅಂದ. ಬಾಯಿ ನಕ್ಕು ಅದನ್ನು ಸಾಹೇಬರಿಗೆ ಹೇಳಿದರು. ಎಲ್ಲರದೂ ಬರೆದುಕೊಂಡರು. ಫೋಟೋದವನು ಈ ಸಲ ಬಂದಿರಲಿಲ್ಲ.

ಹಣ ಬರುವ ಹಾಗಿದೆ ಎಂದು ಬಾಯಿ ಹೇಳಿದರು. ಕಟ್ಟಲು ಒಂದೆರಡು ವರ್ಷವಾಗುತ್ತದೆ. ಅಲ್ಲಿಯವರೆಗೆ ಅವ್ವ ಇರಬೇಕು.

ಅವ್ವ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ತಂದ ಚಹಾ ಕುಡಿಯುತ್ತಿದ್ದಳು, ಕಪ್ಪು ನೆಲಕ್ಕೆ ಇಡುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ. ಇವತ್ತು ಮುಂಜಾನೆ ಕೈಗೆ ಕೊಟ್ಟಳು. "ನೀ ಹೇಳಿದ್ದು ಚಲೋನ ಆತು" ಅಂದಳು. "ಆದ್ರ ತ್ರಿವೇಣಿಗೆ ಅದನ್ನ ಬರೀಬ್ಯಾಡ."

"ಮತ್ತೇನ ಬರೀಲಿ?" ಎಂದೆ.

ಅವಳು ಯೋಚಿಸಿದಳು. "ಮನಿ ಕಡೆ ಎಲ್ಲಾ ಆರಾಮ ಅದ. ಕೂಸಿನ್ನ ಕರಕೊಂಡು ಯುಗಾದಿಗೆ ಬಾ ಅಂತ ಬರಿ."

ಬರೆದಿದ್ದೇನೆ.

ನಿನ್ನ ತಂಗಿ,
ರೇಣು